ಹೊಟ್ಟೆಯ ಲೆಕ್ಕ

1909ರ ನವೆಂಬರ್. ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಹೊರಟಿದ್ದ ಕಿಲ್ಡೋನನ್ ಕ್ಯಾಸಲ್ ಎಂಬ ಹಡಗಿನಲ್ಲಿ ನಲವತ್ತು ವರ್ಷದ ವಕೀಲರೊಬ್ಬರು ಗುಜರಾತಿಯಲ್ಲಿ ಒಂದೇ ಸಮನೆ ಬರೆಯುತ್ತಿದ್ದರು. ಬಲಗೈ ಸೋತರೆ ಎಡಗೈಯಲ್ಲಿ ಬರೆದರು. ಹತ್ತು ದಿನಗಳಲ್ಲಿ ಮುಗಿದ ಆ ಪುಸ್ತಕ ‘ಹಿಂದ್ ಸ್ವರಾಜ್’. ರೈಲು, ಕೋರ್ಟು, ವಕೀಲಿಕೆ ಎಲ್ಲವನ್ನೂ ತರಾಟೆಗೆ ತೆಗೆದುಕೊಂಡ ಮೋಹನದಾಸ ಗಾಂಧಿ ಅದರಲ್ಲಿ ವೈದ್ಯರಿಗೂ ಒಂದು ಅಧ್ಯಾಯ ಮೀಸಲಿಟ್ಟರು. ವಾದ ತೀರಾ ಮನೆಮಾತಿನದು. ಒಬ್ಬ ಅತಿಯಾಗಿ ತಿನ್ನುತ್ತಾನೆ, ಅಜೀರ್ಣವಾಗುತ್ತದೆ, ವೈದ್ಯರ ಗುಳಿಗೆಯಿಂದ ಸರಿಹೋಗುತ್ತದೆ, ಅವನು ಮತ್ತೆ ಅತಿಯಾಗಿ ತಿನ್ನುತ್ತಾನೆ. ಗುಳಿಗೆ ಸಿಗದೇ ಹೋಗಿದ್ದರೆ ಹೊಟ್ಟೆ ತಾನೇ ಅವನಿಗೆ ಪಾಠ ಕಲಿಸುತ್ತಿತ್ತು, ಬಾಯಿಗೆ ಕಡಿವಾಣ ಬೀಳುತ್ತಿತ್ತು.

ಇದನ್ನು ಬರೆದು ಹದಿನಾಲ್ಕು ವರ್ಷ ಕಳೆದ ಮೇಲೆ ಅದೇ ಗಾಂಧಿ ಪುಣೆಯ ಸಸೂನ್ ಆಸ್ಪತ್ರೆಯ ಮೇಜಿನ ಮೇಲೆ ಮಲಗಿ, ಬ್ರಿಟಿಷ್ ಸರ್ಜನ್ ಕರ್ನಲ್ ಮ್ಯಾಡಾಕ್ ಅವರ ಕತ್ತಿಗೆ ಹೊಟ್ಟೆ ಒಡ್ಡಿದರು. 1924ರ ಜನವರಿ 12ರ ರಾತ್ರಿ ನಡೆದ ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆ ಅದು. ನಡುವೆ ಕರೆಂಟು ಹೋಗಿ ದೀಪ ಹಿಡಿದು ಮುಗಿಸಬೇಕಾಯಿತು. ‘ಹಿಂದ್ ಸ್ವರಾಜ್’ ಓದಿದವರು ಸುಮ್ಮನಿರಲಿಲ್ಲ. ಬರೆದದ್ದೊಂದು, ಮಾಡಿದ್ದೊಂದು ಏಕೆ ಎಂದು ಕೇಳಿದರು.

ಇವೆರಡು ದಿನಾಂಕಗಳ ನಡುವಿನ ಕಥೆ ಬಹುಪಾಲು ಗುಜರಾತಿನ ನೆಲದಲ್ಲಿ ನಡೆದದ್ದು. ದೇಹದ ತೂಕ ಯಾರ ಸುಪರ್ದಿಗೆ ಸೇರಿದ್ದು, ಉಣ್ಣುವವನದೋ ವೈದ್ಯರದೋ ಎಂಬ ಜಗಳಕ್ಕೆ ಅಲ್ಲಿ ಬಹಳ ಹಿಂದಿನ ಬೇರುಗಳಿವೆ. ಅಹಮದಾಬಾದು, ವಡೋದರ, ಸೂರತ್ ಈ ಮೂರೂ ಊರುಗಳು ಅದರಲ್ಲಿ ಬೇರೆಬೇರೆ ಪಾತ್ರ ವಹಿಸಿವೆ.

ಮೊದಲಿಗೆ ದೊಡ್ಡ ಹೊಟ್ಟೆ ನಾಚಿಕೆಯ ವಿಷಯವೇ ಆಗಿರಲಿಲ್ಲ. 1458ರಿಂದ 1511ರವರೆಗೆ ಗುಜರಾತನ್ನು ಆಳಿದ ಸುಲ್ತಾನ ಮಹಮೂದ್ ಬೇಗಡಾನ ಊಟದ ಬಗ್ಗೆ ‘ಮಿರಾತ್-ಎ-ಸಿಕಂದರಿ’ ಎಂಬ ಪರ್ಷಿಯನ್ ಚರಿತ್ರೆ ಅಭಿಮಾನದಿಂದಲೇ ಹೇಳುತ್ತದೆ. ದಿನಕ್ಕೆ ಒಂದು ಗುಜರಾತಿ ಮಣ ಆಹಾರ. ಬೆಳಗಿನ ಉಪಾಹಾರಕ್ಕೆ ಒಂದು ಬಟ್ಟಲು ಜೇನು, ಒಂದು ಬಟ್ಟಲು ಬೆಣ್ಣೆ, ನೂರರಿಂದ ನೂರೈವತ್ತು ಬಾಳೆಹಣ್ಣು. ರಾತ್ರಿ ಯಾವ ಮಗ್ಗುಲಲ್ಲಿ ಎಚ್ಚರವಾದರೂ ಕೈಗೆ ಸಿಗಲೆಂದು ಮಂಚದ ಎರಡೂ ಕಡೆ ಸಮೋಸದ ತಟ್ಟೆಗಳು. ಬಾಳೆಹಣ್ಣಿನ ಎಣಿಕೆಯನ್ನು ಯಾರೂ ನಂಬಬೇಕಿಲ್ಲ. ಆದರೆ ಚರಿತ್ರಕಾರ ಇದನ್ನು ಬರೆದದ್ದು ದೂರಿನ ದನಿಯಲ್ಲಲ್ಲ. ಚಂಪಾನೇರ್ ಕೋಟೆ ಗೆದ್ದ ದೊರೆಯ ಹೊಟ್ಟೆಯೂ ದೊರೆತನಕ್ಕೆ ತಕ್ಕಂತೆ ಇತ್ತು ಎನ್ನುವುದು ಅವನ ಭಾವ.

ಸೂರತ್ತಿನ ಮಾತೂ ಅದೇ. ಊಟವೆಂದರೆ ಸೂರತ್ತಿನದು, ಸಾವೆಂದರೆ ಕಾಶಿಯದು ಎಂಬರ್ಥದ ಗಾದೆ ಗುಜರಾತಿಯಲ್ಲಿದೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಸೂರತ್ತಿಗೆ ಬಂದ ಪಾದ್ರಿ ಜಾನ್ ಓವಿಂಗ್ಟನ್ ಅಲ್ಲಿನ ಇಂಗ್ಲಿಷ್ ಕೋಠಿಯ ಊಟದ ಮನೆಯನ್ನು ಬಾಯಲ್ಲಿ ನೀರೂರುವಂತೆ ವರ್ಣಿಸಿದ್ದಾನೆ. ಇಂಗ್ಲಿಷ್, ಪೋರ್ಚುಗೀಸ್, ಭಾರತೀಯ ಎಂದು ಮೂವರು ಅಡುಗೆಯವರು. ಭಾನುವಾರಗಳಂದು ಜಿಂಕೆ, ನವಿಲು, ಮೊಲ, ಪರ್ಷಿಯದ ಹಣ್ಣುಗಳು. ಅದೇ ಸೂರತ್ತಿನ ಇಂಗ್ಲಿಷ್ ಸ್ಮಶಾನದ ಗೋರಿಗಳು ಅರಮನೆಗಳಂತೆ ಎತ್ತರ ನಿಂತಿವೆ. ಅಲ್ಲಿ ಮಲಗಿದವರನ್ನು ಕೊಂದದ್ದು ಊಟವಲ್ಲ, ಹೆಚ್ಚಿನಂಶ ಜ್ವರ. ಆದರೂ ಮೇಜು ಮತ್ತು ಗೋರಿ ಅಷ್ಟು ಹತ್ತಿರ ಇದ್ದದ್ದು ನೋಡಿದವರ ಕಣ್ಣಿಗೆ ಬೀಳದೇ ಇರುತ್ತಿರಲಿಲ್ಲ.

ಬೊಜ್ಜು ರೋಗವೆಂದು ವೈದ್ಯಶಾಸ್ತ್ರಕ್ಕೆ ತಿಳಿದೇ ಇರಲಿಲ್ಲ ಎಂದಲ್ಲ. ಚರಕಸಂಹಿತೆಯ ಸೂತ್ರಸ್ಥಾನ ಎಂಟು ಬಗೆಯ ನಿಂದಿತ ದೇಹಗಳನ್ನು ಹೆಸರಿಸಿ, ಅವುಗಳಲ್ಲಿ ಅತಿ ದಪ್ಪ ಮತ್ತು ಅತಿ ತೆಳು ಎಂಬ ಎರಡನ್ನೇ ಹಿಡಿದು ಉದ್ದಕ್ಕೆ ಚರ್ಚಿಸುತ್ತದೆ. ಇಬ್ಬರಲ್ಲಿ ಚಿಕಿತ್ಸೆಗೆ ಹೆಚ್ಚು ಕಷ್ಟ ದಪ್ಪನೆಯವನೇ ಎನ್ನುತ್ತದೆ. ಬೊಜ್ಜು ಕರಗಿಸಲು ಜವೆಗೋಧಿ, ನೀರಿಗೆ ಬೆರೆಸಿದ ಜೇನು, ವ್ಯಾಯಾಮ ಇವುಗಳ ಜೊತೆ ನಿದ್ದೆಗೆಡುವುದನ್ನೂ ಚಿಂತೆ ಮಾಡುವುದನ್ನೂ ಸೇರಿಸಿದೆ. ಈ ಕೊನೆಯ ಎರಡನ್ನು ಸಾಲಗಾರರೂ ಹೆಣ್ಣು ಹೆತ್ತವರೂ ವೈದ್ಯರ ಚೀಟಿಯಿಲ್ಲದೇ ಪಾಲಿಸುತ್ತಿದ್ದರು. ಆದರೆ ಈ ವಿದ್ಯೆ ಉಳ್ಳವರ ಮನೆಯ ಹೊಸಿಲು ದಾಟಲಿಲ್ಲ. 1899-1900ರಲ್ಲಿ, ವಿಕ್ರಮ ಸಂವತ್ 1956ರಲ್ಲಿ ಬಿದ್ದ ‘ಛಪ್ಪನಿಯೋ’ ಬರಗಾಲದಲ್ಲಿ ಲೆಕ್ಕವಿಲ್ಲದಷ್ಟು ಜನ, ಅದಕ್ಕೂ ಹೆಚ್ಚು ದನಕರುಗಳು ಹಸಿವಿನಿಂದ ಸತ್ತ ಸೀಮೆಯಲ್ಲಿ ಮೈ ತುಂಬಿಕೊಳ್ಳುವುದೆಂದರೆ ಬದುಕಿ ಉಳಿಯುವುದು ಎಂದೇ ಅರ್ಥ.

ಕಡಿಮೆ ತಿನ್ನುವ ಶಿಸ್ತು ಅಲ್ಲಿ ಬಂದದ್ದು ವೈದ್ಯರಿಂದಲ್ಲ, ವ್ರತದಿಂದ. ಅಹಮದಾಬಾದಿನ ಜೈನ ವರ್ತಕ ಮನೆತನಗಳಲ್ಲಿ ಪರ್ಯೂಷಣದ ಎಂಟು ದಿನ ಕಾಯಿಸಿ ಆರಿಸಿದ ನೀರನ್ನಷ್ಟೇ ಕುಡಿದು ‘ಅಠ್ಠಾಯಿ’ ಮುಗಿಸಿದವರನ್ನು ಮೆರವಣಿಗೆಯಲ್ಲಿ ಕರೆತರುವ ರೂಢಿಯಿದೆ. ‘ಆಯಂಬಿಲ್’ ಎಂದರೆ ಹಾಲು, ತುಪ್ಪ, ಎಣ್ಣೆ, ಸಕ್ಕರೆ, ಮಸಾಲೆ ಯಾವುದೂ ಇಲ್ಲದ ಬೇಯಿಸಿದ ಧಾನ್ಯವನ್ನು ದಿನಕ್ಕೊಮ್ಮೆ ಮಾತ್ರ ಉಣ್ಣುವುದು. ‘ವರ್ಷೀತಪ’ದಲ್ಲಿ ವರ್ಷಕ್ಕೂ ಮೇಲ್ಪಟ್ಟು ದಿನ ಬಿಟ್ಟು ದಿನ ಉಪವಾಸವಿದ್ದು ಅಕ್ಷಯ ತೃತೀಯದಂದು ಕಬ್ಬಿನ ಹಾಲಿನಿಂದ ಪಾರಣೆ ಮಾಡುತ್ತಾರೆ. ಇವುಗಳ ಗುರಿ ಕರ್ಮ ಕಳೆಯುವುದೇ ಹೊರತು ಕಿಲೋ ಕಳೆಯುವುದಲ್ಲ. ಇಂದು ‘ಇಂಟರ್ಮಿಟೆಂಟ್ ಫಾಸ್ಟಿಂಗ್’ ಎಂದು ಹಣ ಕೊಟ್ಟು ಕಲಿಯುವವರಿಗೆ ವರ್ಷೀತಪದ ಅಜ್ಜಿಯರನ್ನು ತೋರಿಸುವುದು ಒಂದು ಚಟವಾಗಿಬಿಟ್ಟಿದೆ. ಹೋಲಿಕೆ ಪೂರ್ತಿ ಸರಿಯಲ್ಲ. ಅಜ್ಜಿ ತಕ್ಕಡಿ ಏರಿ ನೋಡುತ್ತಿರಲಿಲ್ಲ.

ತಕ್ಕಡಿ ಏರಿ ನೋಡಿದವನು ಲಂಡನ್ನಿನ ವಿಲಿಯಂ ಬ್ಯಾಂಟಿಂಗ್. ಶವಸಂಸ್ಕಾರದ ಏರ್ಪಾಡು ಮಾಡುವ ಕಸುಬಿನವನು. ಐದಡಿ ಐದಂಗುಲದ ಆಳು, 202 ಪೌಂಡು, ಅಂದರೆ ಸುಮಾರು 92 ಕಿಲೋ ತೂಕ. ಬಗ್ಗಿ ಬೂಟಿನ ದಾರ ಕಟ್ಟಲಾಗದು, ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯಬೇಕು. ವೈದ್ಯರು ಹೇಳಿದಂತೆ ದೋಣಿ ಹುಟ್ಟು ಹಾಕಿದ, ಉಗಿಸ್ನಾನ ಮಾಡಿದ, ಸಮುದ್ರದ ಗಾಳಿ ಕುಡಿದ. ಏನೂ ಆಗಲಿಲ್ಲ. ಕೊನೆಗೆ ಕಿವಿ ಮಂದವಾಯಿತೆಂದು ಕಿವಿಯ ವೈದ್ಯ ವಿಲಿಯಂ ಹಾರ್ವೆಯ ಬಳಿ ಹೋದಾಗ ಆತ ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆ ಬಿಡಿಸಿದ. ವರ್ಷದಲ್ಲಿ 46 ಪೌಂಡು ಇಳಿಯಿತು. 1863ರಲ್ಲಿ ಬ್ಯಾಂಟಿಂಗ್ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಕಿರುಹೊತ್ತಗೆ ಎಷ್ಟು ಓಡಿತೆಂದರೆ ಅವನ ಹೆಸರೇ ಇಂಗ್ಲಿಷಿನಲ್ಲಿ ತೂಕ ಇಳಿಸುವ ಕ್ರಿಯಾಪದವಾಯಿತು. ವೈದ್ಯಲೋಕ ಅವನನ್ನು ಗೇಲಿ ಮಾಡಿತು. ಸಲಹೆ ಕೊಟ್ಟವನೂ ವೈದ್ಯನೇ ಎಂಬುದು ಆ ಗದ್ದಲದಲ್ಲಿ ಹಿಂದೆ ಸರಿಯಿತು.

ಬ್ಯಾಂಟಿಂಗ್ ಪುಸ್ತಕ ಬಂದು ಇಪ್ಪತ್ತೈದು ವರ್ಷಕ್ಕೆ, 1888ರಲ್ಲಿ, ಅದೇ ಲಂಡನ್ನಿಗೆ ಗಾಂಧಿ ವಕೀಲಿಕೆ ಓದಲು ಬಂದಿಳಿದರು. ರಾಜಕೋಟೆಯ ಶಾಲಾ ದಿನಗಳಲ್ಲಿ ಅವರ ಚಿಂತೆ ತೂಕ ಏರಿಸುವುದಾಗಿತ್ತು. ಇಂಗ್ಲಿಷರು ಮಾಂಸ ತಿಂದು ಕಟ್ಟುಮಸ್ತಾಗಿರುವುದರಿಂದಲೇ ನಮ್ಮನ್ನಾಳುತ್ತಾರೆ ಎಂಬರ್ಥದ, ಸೂರತ್ತಿನ ಕವಿ ನರ್ಮದ್ ಬರೆದ ಪದ್ಯವನ್ನು ಆಗಿನ ಹುಡುಗರು ಹಾಡಿಕೊಂಡು ತಿರುಗುತ್ತಿದ್ದುದನ್ನು ಅವರೇ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಗುಟ್ಟಾಗಿ ಮಾಂಸ ತಿಂದು ನೋಡಿ, ಬಿಟ್ಟರು. ಲಂಡನ್ನಿನಲ್ಲಿ ಸಸ್ಯಾಹಾರಿಗಳ ಸಂಘ ಸೇರಿದ ಮೇಲೆ ಊಟ ಅವರ ಪಾಲಿಗೆ ಪ್ರಯೋಗವಾಯಿತು.

ಆ ಪ್ರಯೋಗ ತೀವ್ರವಾದದ್ದು ಜೊಹಾನ್ಸ್‌ಬರ್ಗ್‌ನಲ್ಲಿ. ಗಾಂಧಿಯೆಂದರೆ ಹುಟ್ಟಿನಿಂದಲೇ ಮಿತಾಹಾರಿ ಎಂದು ತಿಳಿದವರಿಗೆ ಆತ್ಮಕಥೆಯ ಆ ಪುಟಗಳು ಅಚ್ಚರಿ ತರುತ್ತವೆ. ದಿನಕ್ಕೆ ಮೂರು ಹೊತ್ತು ಹೊಟ್ಟೆ ತುಂಬ ಊಟ, ಮಧ್ಯೆ ಸಂಜೆಯ ಚಹ. ಮಲಬದ್ಧತೆ, ಆಗಾಗ ತಲೆನೋವು, ಅದಕ್ಕೆ ಭೇದಿಯ ಔಷಧ. ಅಂದರೆ ‘ಹಿಂದ್ ಸ್ವರಾಜ್’ನ ಆ ಹೊಟ್ಟೆಬಾಕ ಬೇರೆ ಯಾರೋ ಅಲ್ಲ. ಮ್ಯಾಂಚೆಸ್ಟರಿನಲ್ಲಿ ಬೆಳಗಿನ ಉಪಾಹಾರ ಬಿಟ್ಟವರ ಸಂಘವೊಂದು ಹುಟ್ಟಿದ ಸುದ್ದಿ ಓದಿ ಅವರೂ ಬಿಟ್ಟರು. ಕೆಲವು ದಿನ ಕಷ್ಟವಾಯಿತು, ತಲೆನೋವು ಮಾಯವಾಯಿತು. ಬೇಕಾದ್ದಕ್ಕಿಂತ ಹೆಚ್ಚು ತಿನ್ನುತ್ತಿದ್ದೆ ಎಂಬ ತೀರ್ಮಾನಕ್ಕೆ ಬಂದರು. ಮಲಬದ್ಧತೆ ಮಾತ್ರ ಜಗ್ಗಲಿಲ್ಲ. ಅದಕ್ಕೆ ಕೂನೆಯ ಸೊಂಟಸ್ನಾನ, ಜುಸ್ಟ್‌ನ ಮಣ್ಣಿನ ಪಟ್ಟಿ ಎಂದು ಹುಡುಕಾಟ ಮುಂದುವರಿಯಿತು. ಇದೆಲ್ಲದರ ಫಲವಾಗಿ 1913ರಲ್ಲಿ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯಲ್ಲಿ ಆರೋಗ್ಯದ ಬಗ್ಗೆ ಗುಜರಾತಿ ಲೇಖನಮಾಲೆ ಬಂತು. ಅದರ ಇಂಗ್ಲಿಷ್ ರೂಪ ಪೂರ್ವ ಪಶ್ಚಿಮಗಳೆರಡರಲ್ಲೂ ಅವರ ಮಿಕ್ಕ ಪುಸ್ತಕಗಳಿಗಿಂತ ಹೆಚ್ಚು ಓದಿಸಿಕೊಂಡಿತು.

1914ರಲ್ಲಿ ಮತ್ತೆ ಲಂಡನ್ನಿಗೆ ಬಂದಾಗ ಪ್ಲೂರಿಸಿ ಹಿಡಿಯಿತು. ಆಗ ಅವರ ಊಟ ಶೇಂಗಾ, ಬಾಳೆಹಣ್ಣು, ನಿಂಬೆ, ಟೊಮೆಟೊ, ದ್ರಾಕ್ಷಿ, ಆಲಿವ್ ಎಣ್ಣೆ. ಚಿಕಿತ್ಸೆಗೆ ನಿಂತವರು ಅಮ್ರೇಲಿ ಊರಿನ ಯುವ ವೈದ್ಯ ಜೀವರಾಜ್ ಮೆಹ್ತಾ. ಹಾಲು ಕುಡಿಯಿರಿ, ಧಾನ್ಯ ತಿನ್ನಿರಿ ಎಂದು ಅವರು ಪಟ್ಟು ಹಿಡಿದರು. ಗೋಖಲೆಯವರೂ ದನಿಗೂಡಿಸಿದರು. ಗಾಂಧಿ ಯೋಚಿಸಲು ಒಂದು ದಿನ ಕೇಳಿ, ಹಾಲು ಒಲ್ಲೆ ಎಂದರು. ಆ ಕಾಲದ ವೈದ್ಯರು ರೋಗಿಯೊಡನೆ ಜಗಳವಾಡುತ್ತಿದ್ದುದು ಹೆಚ್ಚಾಗಿ ತಿನ್ನಿಸಲಿಕ್ಕೆ, ಬಿಡಿಸಲಿಕ್ಕಲ್ಲ. ಭಾರತದ ವೈದ್ಯರು ತೂಕ ಇಳಿಸಿ ಎಂದು ಹೇಳುವ ಕಾಲ ಬಹಳ ದೂರವಿತ್ತು.

1915ರ ಮೇ 25ರಂದು ಅಹಮದಾಬಾದಿನ ಕೋಚರಬ್‌ನಲ್ಲಿ ಆಶ್ರಮ ಶುರುವಾದಾಗ ಸತ್ಯ, ಅಹಿಂಸೆಗಳ ಜೊತೆ ‘ಅಸ್ವಾದ’, ಅಂದರೆ ನಾಲಿಗೆಯ ರುಚಿಗೆ ಸೋಲದಿರುವುದೂ ಒಂದು ವ್ರತವಾಯಿತು. ಎರಡು ವರ್ಷದ ಮೇಲೆ ಆಶ್ರಮ ಸಾಬರಮತಿಯ ದಂಡೆಗೆ ಸರಿಯಿತು. ಆಹಾರ ಅಲ್ಲಿ ಔಷಧದಂತೆ, ಬೇಕಾದಷ್ಟೇ, ಅಳತೆಯಲ್ಲಿ. ಜೈನ ತಪಸ್ಸಿನ ಊರಿನಲ್ಲಿ ಇದು ಯಾರಿಗೂ ವಿಚಿತ್ರವೆನಿಸುವಂತಿರಲಿಲ್ಲ.

ಸ್ವಯಂಚಿಕಿತ್ಸೆಯ ಈ ಕೋಟೆ ಕುಸಿದದ್ದು 1918ರಲ್ಲಿ. ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನ ಸೇರಿಸಲು ಹಳ್ಳಿಹಳ್ಳಿ ನಡೆಯುತ್ತಿದ್ದ ದಿನಗಳಲ್ಲಿ ಅವರ ಮುಖ್ಯ ಆಹಾರ ಅರೆದ ಶೇಂಗಾ ಮತ್ತು ನಿಂಬೆ. ಅದು ಅತಿಯಾಗಿ ಸಣ್ಣಗೆ ಆಮಶಂಕೆ ಶುರುವಾಗಿತ್ತು. ಹಬ್ಬದ ದಿನ ಕಸ್ತೂರಬಾ ಮಾಡಿದ್ದ ಸಿಹಿ ಗೋಧಿ ಅಡುಗೆಗೆ ಮನಸ್ಸು ಸೋತು ಉಂಡರು. ಗಂಟೆಯೊಳಗೆ ಆಮಶಂಕೆ ಉಗ್ರರೂಪ ತಾಳಿತು. ಆದರೂ ನಡಿಯಾದಿಗೆ ಹೋದರು. ಔಷಧ ಬೇಡ, ಇಂಜೆಕ್ಷನ್ ಬೇಡ. ಇಂಜೆಕ್ಷನ್ನಿನ ಬಗ್ಗೆ ತಮಗಿದ್ದ ಅಜ್ಞಾನ ಆಗ ನಗೆಪಾಟಲಿನದಾಗಿತ್ತೆಂದು ಮುಂದೆ ಅವರೇ ಬರೆದರು. ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ಮತ್ತು ಅವರ ಪತ್ನಿ ನಡಿಯಾದಿಗೇ ಬಂದು ಗಾಂಧಿಯನ್ನು ಅಹಮದಾಬಾದಿನ ತಮ್ಮ ಮಿರ್ಜಾಪುರ ಬಂಗಲೆಗೆ ಕರೆತಂದರು. ಅದೇ ವರ್ಷದ ಮಾರ್ಚ್‌ನಲ್ಲಿ ಇದೇ ಅಂಬಾಲಾಲರ ವಿರುದ್ಧ ಕಾರ್ಮಿಕರ ಪರವಾಗಿ ಗಾಂಧಿ ಉಪವಾಸ ಕೂತಿದ್ದರು. ಇಂಥ ಸಂಬಂಧಗಳು ಅಹಮದಾಬಾದಿಗೆ ಹೊಸತಲ್ಲ.

ಬಂಗಲೆಯಿಂದ ಆಶ್ರಮಕ್ಕೆ ಹೋದರೂ ಮೈ ಚೇತರಿಸಲಿಲ್ಲ. ಎಲುಬು ಚರ್ಮವಷ್ಟೇ ಉಳಿದಿತ್ತು. ಸತ್ತೇ ಹೋಗುತ್ತೇನೆಂದುಕೊಂಡ ಒಂದು ರಾತ್ರಿ ಡಾ. ಕಾನುಗಾ ಬಂದು ನಾಡಿ ಹಿಡಿದು, ನಾಡಿ ಚೆನ್ನಾಗಿದೆ, ಇದು ನಿತ್ರಾಣದ ಫಲ ಎಂದರು. ಕಡೆಗೆ ಮುಂಬಯಿಯ ಡಾ. ದಲಾಲ್ ಹೇಳಿದ್ದು ಒಂದೇ ಮಾತು, ಹಾಲಿಲ್ಲದೆ ಮೈಕಟ್ಟು ಮರಳುವುದಿಲ್ಲ. ಹಾಲು ಬಿಡುವ ವ್ರತವಿದೆ ಎಂದಾಗ ಪಕ್ಕದಲ್ಲಿದ್ದ ಕಸ್ತೂರಬಾ, ವ್ರತ ತೊಟ್ಟಾಗ ಮನಸ್ಸಿನಲ್ಲಿದ್ದದ್ದು ಹಸು ಎಮ್ಮೆಯ ಹಾಲಲ್ಲವೇ, ಮೇಕೆಯ ಹಾಲಿಗೆ ಅಡ್ಡಿಯೇನು ಎಂದರು. ಗಾಂಧಿ ಒಪ್ಪಿದರು. ವ್ರತದ ಅಕ್ಷರ ಉಳಿಯಿತು, ಆತ್ಮ ಹೋಯಿತು ಎಂಬ ಕೊರಗು ಅವರಿಗೆ ಕೊನೆಯವರೆಗೂ ಉಳಿಯಿತು. ವೈದ್ಯರು ಸೋತ ಕಡೆ ಗೆದ್ದದ್ದು ಮನೆಯಾಕೆಯ ವ್ಯವಹಾರಜ್ಞಾನ. ಈ ಪ್ರಸಂಗವನ್ನು ಗಾಂಧಿಯ ನಿಷ್ಠೆಯ ಕಥೆಯಾಗಿ ಹೇಳುವವರು ಕಸ್ತೂರಬಾ ಅವರಿಗೆ ಸಲ್ಲಬೇಕಾದ ಪಾಲು ಕೊಡುವುದು ಕಡಿಮೆ.

ಇದೇ ಹೊತ್ತಿಗೆ ವಡೋದರದಲ್ಲಿ ಬೇರೆಯೇ ದಾರಿ ತೆರೆಯುತ್ತಿತ್ತು. ಆಗಿನ ಬರೋಡಾ ಗರಡಿಮನೆಗಳ ಊರು. ಜುಮ್ಮಾದಾದಾ ಎಂಬ ಉಸ್ತಾದರ ವ್ಯಾಯಾಮಶಾಲೆಯನ್ನು ಅವರ ಶಿಷ್ಯ ಮಾಣಿಕರಾವ್ ಬೆಳೆಸಿ, ಗುರುವಿನ ಹೆಸರಿನಲ್ಲೇ ಪ್ರಸಿದ್ಧಿಗೆ ತಂದರು. ಮುಸ್ಲಿಂ ಗುರುವಿನ ಹೆಸರನ್ನು ಹಿಂದೂ ಶಿಷ್ಯ ತಲೆಯ ಮೇಲೆ ಹೊತ್ತು ನಡೆಸಿದ ಸಂಸ್ಥೆ ಅದು. ಅಲ್ಲಿ 1907ರಿಂದ ಮೂರು ವರ್ಷ ಸಾಮು ಮಾಡಿದ ಯುವಕ ಜಗನ್ನಾಥ ಗಣೇಶ ಗುಣೆ, ಹುಟ್ಟಿದ್ದು ಬರೋಡಾ ಸಂಸ್ಥಾನದ ಡಭೋಯಿಯಲ್ಲಿ. ನರ್ಮದೆಯ ದಂಡೆಯ ಮಾಲಸರದ ಮಾಧವದಾಸರಲ್ಲಿ ಯೋಗ ಕಲಿತು, ಮುಂದೆ ಸ್ವಾಮಿ ಕುವಲಯಾನಂದ ಎಂದು ಹೆಸರಾದವರು.

ಗರಡಿಯವರು ದೇಹವನ್ನು ನಂಬಿಕೆಯಿಂದ ನೋಡುತ್ತಿದ್ದರು. ಕುವಲಯಾನಂದರಿಗೆ ಪುರಾವೆ ಬೇಕಿತ್ತು. 1920ರ ದಶಕದ ಆರಂಭದಲ್ಲಿ ಬರೋಡಾ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಶಿಷ್ಯರಿಂದ ಉಡ್ಡಿಯಾನ, ನೌಲಿ ಮಾಡಿಸಿ, ಹೊಟ್ಟೆಯೊಳಗೆ ಏನು ನಡೆಯುತ್ತದೆಂದು ಪರೀಕ್ಷಿಸಿದರು. ನೌಲಿಯ ಹೊತ್ತಿನಲ್ಲಿ ದೊಡ್ಡ ಕರುಳಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗಿಳಿಯುವುದು ಕಂಡಿತು. ಅದಕ್ಕೆ ಗುರುವಿನ ಹೆಸರಿಟ್ಟರು. 1924ರಲ್ಲಿ ಲೋಣಾವಳದಲ್ಲಿ ಕೈವಲ್ಯಧಾಮ ಕಟ್ಟಿ, ‘ಯೋಗ ಮೀಮಾಂಸಾ’ ಪತ್ರಿಕೆಯಲ್ಲಿ ಇಂಥ ಪ್ರಯೋಗಗಳನ್ನು ಅಂಕಿಗಳ ಸಮೇತ ಪ್ರಕಟಿಸಿದರು. ಹತ್ತು ವರ್ಷದ ಮೇಲೆ ಮೈಸೂರು ಅರಮನೆಯ ಯೋಗಶಾಲೆಯ ಕೃಷ್ಣಮಾಚಾರ್ಯರು ಇದನ್ನು ನೋಡಲೆಂದೇ ಲೋಣಾವಳಕ್ಕೆ ಹೋಗಿ ಬಂದರು.

ಗಾಂಧಿ ಮತ್ತು ಕುವಲಯಾನಂದರ ದಾರಿ ಕೂಡಿದ್ದು ಕನ್ನಡನಾಡಿನಲ್ಲಿ. 1927ರ ಮಾರ್ಚ್‌ನಲ್ಲಿ ಕೊಲ್ಲಾಪುರದ ಪ್ರವಾಸದಲ್ಲಿ ಗಾಂಧಿ ಕುಸಿದರು. ರಕ್ತದೊತ್ತಡ ವಿಪರೀತ ಏರಿತ್ತು. ವೈದ್ಯರು ಪೂರ್ಣ ವಿಶ್ರಾಂತಿ ವಿಧಿಸಿದರು. ಏಪ್ರಿಲ್‌ನಲ್ಲಿ ನಂದಿಬೆಟ್ಟ, ಜೂನ್‌ನಿಂದ ಬೆಂಗಳೂರಿನ ಕುಮಾರಪಾರ್ಕ್. ಈ ತಿಂಗಳುಗಳಲ್ಲಿ ಅವರು ಕುವಲಯಾನಂದರ ಸಲಹೆಯಂತೆ ಶವಾಸನ, ಸರ್ವಾಂಗಾಸನ, ಎಣ್ಣೆ ತಿಕ್ಕುವಿಕೆ ಮಾಡಿದರು. ಏನು ಉಂಡೆ, ಏನು ಮಾಡಿದೆ, ಒತ್ತಡ ಎಷ್ಟಿದೆ ಎಂದು ಪತ್ರ ಬರೆದು ತಿಳಿಸಿದರು. ವೈದ್ಯರ ಯಂತ್ರ, ಯೋಗಿಯ ಸೂಚನೆ, ರೋಗಿಯ ಸ್ವಂತ ಲೆಕ್ಕ ಮೂರೂ ಒಂದೇ ಕಾಗದದಲ್ಲಿ ಕೂಡಿದವು. ‘ಹಿಂದ್ ಸ್ವರಾಜ್’ ಬರೆದ ಮನುಷ್ಯನಿಂದ ಈ ಮನುಷ್ಯ ಬಹುದೂರ ನಡೆದು ಬಂದಿದ್ದರು.

1942ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿ ಅವರು ಬರೆದ ಆರೋಗ್ಯದ ಕಿರುಪುಸ್ತಕದಲ್ಲಿ ಕೂತು ಕೆಲಸ ಮಾಡುವವರಿಗೆ ದಿನದ ಊಟದ ಪಟ್ಟಿಯೇ ಇದೆ. ಹಸುವಿನ ಹಾಲು ಎರಡು ಪೌಂಡು, ಧಾನ್ಯ ಆರು ಔನ್ಸು, ಸೊಪ್ಪು ಮೂರು, ಬೇರೆ ತರಕಾರಿ ಐದು, ಹಸಿ ತರಕಾರಿ ಒಂದು, ತುಪ್ಪ ಒಂದೂವರೆ, ಬೆಲ್ಲ ಅಥವಾ ಸಕ್ಕರೆ ಒಂದೂವರೆ. ಆರು ಔನ್ಸೆಂದರೆ 170 ಗ್ರಾಂ. ಮೂರು ಹೊತ್ತು ಅನ್ನ ಉಣ್ಣುವವರು ಅಳೆದು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಪಟ್ಟಿಯ ತಲೆಯ ಮೇಲೆ ಕೂತಿರುವುದು ಜೀವರಾಜ್ ಮೆಹ್ತಾ ಲಂಡನ್ನಿನಲ್ಲಿ ಬೇಡಿಕೊಂಡ ಅದೇ ಹಾಲು. ಪುಸ್ತಕವನ್ನು ಇಂಗ್ಲಿಷಿಗೆ ತಂದವರು ಸುಶೀಲಾ ನಾಯರ್, ಅವರೂ ವೈದ್ಯೆ.

ಮೆಹ್ತಾ 1960ರ ಮೇ 1ರಂದು ಗುಜರಾತಿನ ಮೊದಲ ಮುಖ್ಯಮಂತ್ರಿಯಾದರು. ಅವರ ಪತ್ನಿ ಹಂಸಾ ಮೆಹ್ತಾ 1949ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿದ್ದರು. ಮರುವರ್ಷ ಅಲ್ಲಿ ಗೃಹವಿಜ್ಞಾನ ನಿಕಾಯ ತೆರೆಯಿತು. ಅಡುಗೆಮನೆಯ ಲೆಕ್ಕ ಪೋಷಣಶಾಸ್ತ್ರವೆಂಬ ಪದವಿಯಾಗಿ, ಆಸ್ಪತ್ರೆಗಳಲ್ಲಿ ಪಥ್ಯ ಬರೆದುಕೊಡುವ ‘ಡಯೆಟಿಶಿಯನ್’ ಎಂಬ ಉದ್ಯೋಗವಾಗಿ ಬೆಳೆಯಲು ಇಂಥ ನಿಕಾಯಗಳೇ ದಾರಿ ಮಾಡಿದವು.

ನಂತರದ ದಶಕಗಳಲ್ಲಿ ಕಥೆ ತಿರುವುಮುರುವಾಯಿತು. 2009ರಲ್ಲಿ ಭಾರತೀಯ ತಜ್ಞರು ಸೇರಿ, ಇಲ್ಲಿಯವರಿಗೆ ಬಿ.ಎಂ.ಐ. 23 ದಾಟಿದರೆ ಅಧಿಕ ತೂಕ, 25 ಮುಟ್ಟಿದರೆ ಬೊಜ್ಜು ಎಂದು ಗೆರೆ ಎಳೆದರು. ಪಾಶ್ಚಾತ್ಯರ ಗೆರೆ 25 ಮತ್ತು 30. ಸಣ್ಣ ಮೈಯಲ್ಲೂ ಹೊಟ್ಟೆಯ ಸುತ್ತ ಕೊಬ್ಬು ಕೂಡಿ ಸಕ್ಕರೆ ಕಾಯಿಲೆ ಬೇಗ ಬರುವ ನಮ್ಮ ಜಾಯಮಾನ ಅದಕ್ಕೆ ಕಾರಣ. ಹಾಗೆಂದು ಬರದ ನೆರಳು ಅಳಿದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗುಜರಾತಿನ ಐವರು ಮಹಿಳೆಯರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ತೂಕ ಅತಿ, ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ತೂಕ ಸಾಲದು.

ಮಾತ್ರೆಗಳ ಚರಿತ್ರೆ ವೈದ್ಯರಿಗೆ ಕೀರ್ತಿ ತರುವಂಥದ್ದಲ್ಲ. ಹಸಿವು ತಗ್ಗಿಸುವ ರಿಮೊನಬಂಟ್ ಮನಸ್ಸನ್ನು ಖಿನ್ನತೆಗೆ ತಳ್ಳುತ್ತದೆಂದು ತಿಳಿದು 2009ರಲ್ಲಿ, ಸಿಬುಟ್ರಮಿನ್ ಹೃದಯಕ್ಕೆ ಅಪಾಯವೆಂದು 2011ರಲ್ಲಿ ಭಾರತದಲ್ಲಿ ನಿಷೇಧವಾದವು. ಇನ್ನೊಂದು ಕಡೆ ಜಠರವನ್ನು ಕಿರಿದುಗೊಳಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಗೆ ಅಹಮದಾಬಾದು ದೇಶದಲ್ಲಿ ಹೆಸರಾದ ಕೇಂದ್ರಗಳಲ್ಲಿ ಒಂದಾಯಿತು. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ನಿಯಮಗಳು ಇಲ್ಲಿ ಗಮನಾರ್ಹ. ಬಿ.ಎಂ.ಐ. 40 ಮುಟ್ಟಿರಬೇಕು, ಇಲ್ಲವೇ 35 ದಾಟಿ ತೀವ್ರ ಕಾಯಿಲೆಯ ಜೊತೆ ಬೇರೆ ಸೌಮ್ಯ ದಾರಿಗಳು ವಿಫಲವಾಗಿರಬೇಕು. ಇಲ್ಲದಿದ್ದರೆ ಕಂಪನಿ ಹಣ ಕೊಡಬೇಕಾಗಿಲ್ಲ. ಬಾಯಿ ಕಟ್ಟಿ ನೋಡಿದ್ದಕ್ಕೆ ಈಗ ದಾಖಲೆ ಬೇಕು.

ಈಗಿನದು ಇಂಜೆಕ್ಷನ್ನಿನ ಸರದಿ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಭಾರತಕ್ಕೆ ಬಂದವು. ವೆಗೋವಿಯ ಮೂಲವಸ್ತು ಸೆಮಾಗ್ಲುಟೈಡ್‌ನ ಭಾರತೀಯ ಪೇಟೆಂಟಿಗೆ 2026ರ ಮಾರ್ಚ್‌ವರೆಗಷ್ಟೇ ಆಯುಸ್ಸು. ಅಗ್ಗದ ರೂಪ ತರಲು ಸಜ್ಜಾದ ಕಂಪನಿಗಳಲ್ಲಿ ಅಹಮದಾಬಾದಿನ ಜೈಡಸ್ ಒಂದು. ಗಾಂಧಿ ಯಾವ ಊರಿನಲ್ಲಿ ಅಸ್ವಾದವನ್ನು ವ್ರತವಾಗಿಸಿದರೋ, ಆ ಊರು ಹಸಿವನ್ನೇ ತಗ್ಗಿಸುವ ಔಷಧ ಮಾರಲು ಅಣಿಯಾಯಿತು.

ಆ ಔಷಧದ 2021ರ ದೊಡ್ಡ ಪ್ರಯೋಗದಲ್ಲಿ ಭಾಗವಹಿಸಿದ ಎಲ್ಲರಿಗೂ, ನಿಜವಾದ ಇಂಜೆಕ್ಷನ್ ಪಡೆದವರಿಗೂ ಬರೀ ನೀರಿನಂಥದ್ದು ಪಡೆದವರಿಗೂ, ಊಟ ತಗ್ಗಿಸಲು, ವಾರಕ್ಕೆ 150 ನಿಮಿಷ ನಡೆಯಲು, ತಿಂದದ್ದನ್ನೂ ನಡೆದದ್ದನ್ನೂ ದಿನವೂ ಬರೆದಿಡಲು ಹೇಳಲಾಗಿತ್ತು. 68 ವಾರಗಳಲ್ಲಿ ಲೆಕ್ಕವನ್ನಷ್ಟೇ ನೆಚ್ಚಿದವರ ತೂಕ ಸರಾಸರಿ 2.4 ಶೇಕಡ ಇಳಿಯಿತು, ಔಷಧವೂ ಸಿಕ್ಕವರದು 14.9 ಶೇಕಡ. ಇಂಜೆಕ್ಷನ್ನನ್ನೂ ಸಲಹೆಯನ್ನೂ ನಿಲ್ಲಿಸಿದ ಮೇಲೆ ಕೆಲವರನ್ನು ಇನ್ನೊಂದು ವರ್ಷ ಗಮನಿಸಿದರು. ಔಷಧ ಪಡೆದಿದ್ದವರು ಇಳಿಸಿಕೊಂಡ ತೂಕದ ಮೂರರಲ್ಲಿ ಎರಡು ಪಾಲು ಅಷ್ಟರಲ್ಲಿ ಮರಳಿ ಬಂದಿತ್ತು.